ಕುಕ್ಕರ್ ಸುತ್ತ ಆರು ಮಕ್ಕಳು: ನೋಡಿ ಬರೆಯುವ ಪಾಠಕ್ಕೆ ಯಾವ ಸಾಮಾನು ಆದೀತು, ಯಾವುದು ದಂಡ

ವಸ್ತುವನ್ನು ಎದುರಿಗಿಟ್ಟು ಚಿತ್ರ ಬರೆಯುವ ಈ ಪಾಠಕ್ಕೆಂದು ತೆಗೆದಿಟ್ಟ ದುಡ್ಡಿನಲ್ಲಿ ಅರ್ಧ ಪಾತ್ರೆ ಅಂಗಡಿಗೆ ಹೋಗಬೇಕು, ಮಿಕ್ಕಿದ್ದು ಸ್ಟೇಷನರಿ ಅಂಗಡಿಗೆ. ಸಾಮಾನ್ಯವಾಗಿ ಪೂರ್ತಿ ಸ್ಟೇಷನರಿ ಅಂಗಡಿಗೇ ಹೋಗುತ್ತದೆ. ಬಣ್ಣದ ಡಬ್ಬಿಗಳೇನೋ ಬರುತ್ತವೆ, ಎದುರಿಗಿಟ್ಟು ನೋಡಲು ಏನೂ ಇರುವುದಿಲ್ಲ. ಕೊನೆಗೆ ಸ್ಟಾಫ್ ರೂಮಿನ ಪ್ಲಾಸ್ಟಿಕ್ ಹೂದಾನಿಯೇ ಗತಿ.

ಪಾಠ ಹೇಳುವುದಕ್ಕೆ ಸುಲಭ. ದಿನಬಳಕೆಯ ಒಂದು ವಸ್ತುವನ್ನು ನಡುವೆ ಇಡುವುದು, ಐದಾರು ಮಕ್ಕಳು ಸುತ್ತ ಕೂತು ಕಂಡದ್ದನ್ನು ಬರೆಯುವುದು, ಆಮೇಲೆ ಎಲ್ಲರ ಹಾಳೆಗಳನ್ನೂ ನೆಲದ ಮೇಲೆ ಹರಡಿ 'ಇದು ಯಾಕೆ ಹೀಗಿದೆ' ಎಂದು ಕೇಳುವುದು. ಚಂದದ ಚಿತ್ರ ಇಲ್ಲಿ ಗುರಿಯಲ್ಲ. ಒಬ್ಬ ಮಗುವಿಗೆ ಕಾಣದ ಕೀಲು ಎದುರಿಗೆ ಕೂತವನಿಗೆ ಕಂಡಿರುತ್ತದೆ. ಆರು ಹಾಳೆ ಸೇರಿದಾಗಲೇ ವಸ್ತು ಪೂರ್ತಿಯಾಗುವುದು. ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ 24 ಮಕ್ಕಳು, ಆರಾರು ಮಂದಿಯ ನಾಲ್ಕು ಗುಂಪು, 8ರಿಂದ 12 ವರ್ಷ, 90 ನಿಮಿಷ ಎಂದು ಹಿಡಿದು ಹಾಕಿದ್ದು. ಗುಂಪಿಗೆ ಎಂಟು ಮಂದಿ ಮಾಡಿದರೆ ಭುಜಕ್ಕೆ ಭುಜ ತಾಗುತ್ತದೆ, ಇಬ್ಬರಿಗಾದರೂ ಪಕ್ಕದವನ ತಲೆಯೇ ಅಡ್ಡ.

ಮೊದಲು ವಸ್ತುಗಳು.

ತಂಬಿಗೆಯಿಂದ ಶುರು ಮಾಡುವುದಕ್ಕೆ ಒಂದು ಹಳೆಯ ಕಾರಣವಿದೆ. 1958ರಲ್ಲಿ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರ ಬೆನ್ನಿಗೆ. ದೇಶದಲ್ಲಿ ಕಂಡ ವಸ್ತುಗಳಲ್ಲಿ ಅವರು ಮನಸಾರೆ ಮೆಚ್ಚಿದ್ದು 'ಲೋಟಾ'. ಅದು ನಾವು ಕಾಫಿ ಕುಡಿಯುವ ಲೋಟವಲ್ಲ, ನಮ್ಮ ತಂಬಿಗೆ ಅಥವಾ ಚೊಂಬು. ಅದನ್ನು ಇಂದು ಹೊಸದಾಗಿ ವಿನ್ಯಾಸ ಮಾಡಹೊರಟರೆ ಏನೇನು ಯೋಚಿಸಬೇಕೆಂದು ಅವರು ಪಟ್ಟಿ ಕೊಟ್ಟಿದ್ದಾರೆ: ಎಷ್ಟು ನೀರು ಹಿಡಿಯಬೇಕು, ಯಾರ ಕೈ ಹಿಡಿಯುತ್ತದೆ, ಸೊಂಟದ ಮೇಲೋ ತಲೆಯ ಮೇಲೋ, ಖಾಲಿ ಇದ್ದಾಗ ಮತ್ತು ತುಂಬಿದಾಗ ತೂಕ ಎಲ್ಲಿ ನಿಲ್ಲುತ್ತದೆ, ಒಳಗೆ ಕೈ ಹೋಗಿ ತೊಳೆಯಲಾದೀತೇ, ಕಲ್ಲಿನ ಮೇಲಿಟ್ಟರೆ ಯಾವ ಸದ್ದು. ಮಕ್ಕಳ ಮುಂದೆ ಇಡಬೇಕಾದ ಪ್ರಶ್ನೆಗಳು ಇವೇ. ಹೊಸದಾಗಿ ಪ್ರಶ್ನಾವಳಿ ಕೊಳ್ಳಬೇಕಾಗಿಲ್ಲ.

ಆದರೆ ತಂಬಿಗೆಗೆ ಒಂದು ತೊಡಕಿದೆ. ಅದಕ್ಕೆ ಮುಂದೆ ಹಿಂದೆ ಇಲ್ಲ. ಸುತ್ತ ಕೂತ ಆರು ಮಂದಿಗೂ ಒಂದೇ ಆಕಾರ ಕಾಣುತ್ತದೆ, 'ಎಲ್ಲರಿಗೂ ಬೇರೆಬೇರೆ ಕಾಣುತ್ತದೆ' ಎಂಬ ಪಾಠ ಅಲ್ಲಿ ಬಿದ್ದುಹೋಗುತ್ತದೆ. ತಂಬಿಗೆ ಹೇಳಿಕೊಡುವುದು ಬೇರೆಯದನ್ನು, ಕಣ್ಣಿನ ಎತ್ತರವನ್ನು. ಬಾಯಿಯನ್ನು ಪೂರ್ತಿ ದುಂಡಗೆ, ತಳವನ್ನು ಸ್ಕೇಲಿಟ್ಟಂತೆ ನೇರ ಬರೆಯುವುದು ಈ ವಯಸ್ಸಿನವರೆಲ್ಲರ ತಪ್ಪು. ಬಾಯಿ ದುಂಡಗಿದೆ ಎಂದು ಗೊತ್ತು, ತಳ ಮೇಜಿನ ಮೇಲೆ ಚಪ್ಪಟೆಯಾಗಿ ಕೂತಿದೆ ಎಂದೂ ಗೊತ್ತು, ಗೊತ್ತಿದ್ದದ್ದನ್ನು ಬರೆಯುತ್ತಾರೆ. ಬಾಯಲ್ಲಿ ತಿದ್ದಿ ಫಲವಿಲ್ಲ. ತಂಬಿಗೆಯನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರೆ ಬಾಯಿ ಒಂದು ಗೆರೆಯಾಗುತ್ತದೆ. ನಿಧಾನವಾಗಿ ಕೆಳಗಿಳಿಸಿದರೆ ಗೆರೆ ಸಣ್ಣಗೆ ತೆರೆದು ಅಂಡಾಕಾರವಾಗುತ್ತದೆ, ಇನ್ನೂ ಇಳಿಸಿದರೆ ಅಗಲವಾಗುತ್ತದೆ. ತಳದ ಅಂಚು ಕಣ್ಣಿಗಿಂತ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯದಕ್ಕಿಂತ ಹೆಚ್ಚು. ಎರಡು ಸಲ ಎತ್ತಿ ಇಳಿಸಿದರೆ ಸಾಕು, ಮೂರನೆಯ ಹಾಳೆಯಲ್ಲಿ ತಳ ತಾನಾಗಿ ಬಾಗಿರುತ್ತದೆ.

ಕೊಳ್ಳುವಾಗ ಸ್ಟೀಲಿನದು ಬೇಡ, ಹಿತ್ತಾಳೆ ಅಥವಾ ತಾಮ್ರದ್ದು, ಅದೂ ಹೊಳಪು ಹೋದದ್ದು ಒಳ್ಳೆಯದು. ಸ್ಟೀಲಿನ ಮೈಯಲ್ಲಿ ಕಿಟಕಿ, ಟ್ಯೂಬ್‌ಲೈಟು, ಬರೆಯುವವನ ಮುಖ ಎಲ್ಲ ಕಾಣುತ್ತವೆ. ಅರ್ಧ ಗುಂಪು ಮುಖ ಹುಡುಕುತ್ತಾ ನಗುತ್ತಿರುತ್ತದೆ, ಮಿಕ್ಕವರು ಆ ಪ್ರತಿಬಿಂಬದ ಗೆರೆಗಳನ್ನೇ ಪಾತ್ರೆಯ ಅಂಚೆಂದು ಬರೆಯುತ್ತಾರೆ. ಸ್ಟೀಲೇ ಇದ್ದರೆ ಒಂದು ಚಿಟಿಕೆ ವಿಭೂತಿಯನ್ನೋ ಸೀಮೆಸುಣ್ಣದ ಪುಡಿಯನ್ನೋ ಒಣಬಟ್ಟೆಯಲ್ಲಿ ಒರೆಸಿ ಮಂಕು ಮಾಡಬೇಕು. ಆಗ ನೆರಳು ಬೆಳಕು ಮಣ್ಣಿನ ಮಡಕೆಯಷ್ಟೇ ಸ್ಪಷ್ಟ.

ಬೇರೆಬೇರೆ ಕಡೆಯಿಂದ ಬೇರೆಬೇರೆ ಕಾಣಬೇಕಾದರೆ ಹಿಡಿ ಇರುವ ವಸ್ತು ಬೇಕು. ಪ್ರೆಷರ್ ಕುಕ್ಕರಿಗಿಂತ ಒಳ್ಳೆಯದು ಸಿಗುವುದು ಕಷ್ಟ. ಮೂರು ಲೀಟರಿನದು ಸಾಕು, ಐದು ಲೀಟರಿನದನ್ನು ಎಂಟು ವರ್ಷದವರು ಎತ್ತಿ ತಿರುಗಿಸಲಾರರು. ಎರಡು ತರಹದ್ದನ್ನೂ ತರಿಸಿ: ಮುಚ್ಚಳ ಒಳಗೆ ಕೂರುವ ಹಾಕಿನ್ಸ್, ಮುಚ್ಚಳ ಹೊರಗಿನಿಂದ ಕೂರುವ ಪ್ರೆಸ್ಟೀಜ್ ಮಾದರಿ. ಒಳಮುಚ್ಚಳದ ಕುಕ್ಕರಿನ ಬಾಯಿ ಪೂರ್ತಿ ದುಂಡಗಿಲ್ಲ, ಮುಚ್ಚಳವೂ ಇಲ್ಲ, ಎರಡೂ ಒಂದಿಷ್ಟು ಅಂಡಾಕಾರ. ದಿನಾ ಅಡುಗೆ ಮಾಡುವವರಲ್ಲೂ ಇದನ್ನು ಕಣ್ಣಿಟ್ಟು ನೋಡಿದವರು ಕಡಿಮೆ. ಮುಚ್ಚಳವನ್ನು ಓರೆ ಮಾಡಿ ಒಳಗಿಳಿಸಿ, ತಿರುಗಿಸಿ, ಮೇಲಕ್ಕೆಳೆದರೆ ಸಿಕ್ಕಿಕೊಳ್ಳುತ್ತದೆ. ಒಳಗೆ ಆವಿ ತುಂಬಿದಷ್ಟೂ ಮುಚ್ಚಳ ಬಾಯಿಗೆ ಬಿಗಿಯುತ್ತದೆ, ಒತ್ತಡ ಇಳಿಯುವ ತನಕ ಜಗ್ಗಿದರೂ ಬರುವುದಿಲ್ಲ. ಹೊರಮುಚ್ಚಳದ್ದರಲ್ಲಿ ಆವಿ ಮುಚ್ಚಳವನ್ನು ಹೊರಕ್ಕೇ ತಳ್ಳುತ್ತದೆ. ಅದನ್ನು ಹಿಡಿದಿಡಲು ಸುತ್ತ ಕಿವಿಗಳಿವೆ, ತಿರುಗಿಸಿದಾಗ ಒಂದರ ಕೆಳಗೊಂದು ಹೋಗಿ ಕೂರುತ್ತವೆ. ಒಂದೇ ಕೆಲಸ, ಎರಡು ಉತ್ತರ. ಎರಡು ಗುಂಪು ಎರಡನ್ನೂ ಬರೆದು ಹಾಳೆ ಬದಲಿಸಿಕೊಂಡರೆ ಅರ್ಧ ಗಂಟೆ ಮಾತಿಗೆ ಬರವಿಲ್ಲ. ಒಲೆ ಹಚ್ಚುವ ಮಾತೇ ಇಲ್ಲ, ಖಾಲಿ ಕುಕ್ಕರ್ ಸಾಕು.

ಇಲ್ಲೊಂದು ಹತ್ತಿರದ ನೋಟ. ಆರು ಮಕ್ಕಳು ಮೊದಲ ಚಿತ್ರ ಮುಗಿಸಿದ ಮೇಲೆ ಹಾಳೆಗಳನ್ನು ಕೂತ ಕ್ರಮದಲ್ಲೇ ನೆಲದ ಮೇಲೆ ದುಂಡಗೆ ಹರಡಬೇಕು, ನಡುವೆ ಕುಕ್ಕರ್. ಒಂದರಲ್ಲಿ ಹಿಡಿ ಉದ್ದಕ್ಕೆ ಬಲಕ್ಕೆ ಚಾಚಿದೆ. ಪಕ್ಕದ್ದರಲ್ಲಿ ಗಿಡ್ಡವಾಗಿದೆ. ಅದರಾಚೆಯದರಲ್ಲಿ ಹಿಡಿಯೇ ಇಲ್ಲ, ಬರೀ ಒಂದು ದುಂಡನೆ ತುದಿ, ಅದರಲ್ಲೊಂದು ತೂತು. ಹಿಡಿ ನೇರ ತನ್ನತ್ತ ಚಾಚಿದ್ದವನ ಹಾಳೆ ಅದು. ನೇತುಹಾಕುವ ತೂತನ್ನು ಕಂಡವನು ಅವನೊಬ್ಬನೇ. ಆದರೆ ಹೆಚ್ಚಿನ ಸಲ ಆ ಜಾಗದ ಮಗು ಮೋಸ ಮಾಡಿರುತ್ತದೆ, ಕಾಣದಿದ್ದರೂ ಹಿಡಿಯನ್ನು ಪಕ್ಕಕ್ಕೆ ಉದ್ದ ಎಳೆದಿರುತ್ತದೆ, ಕುಕ್ಕರ್ ಎಂದರೆ ಹಿಡಿ ಇರಲೇಬೇಕಲ್ಲ. ಬೈಯಬೇಡಿ. ಹರಡಿದ ಹಾಳೆಗಳಲ್ಲಿ ಅದೊಂದೇ ಸಾಲು ತಪ್ಪಿ ನಿಲ್ಲುವುದರಿಂದ ಗುಂಪೇ ಹಿಡಿದುಬಿಡುತ್ತದೆ.

ಭಾಗಗಳ ಪಾಠಕ್ಕೆ ಕಾಫಿ ಫಿಲ್ಟರ್. ತಳದಲ್ಲಿ ತೂತುಗಳಿರುವ ಮೇಲಿನ ಪಾತ್ರೆ, ಡಿಕಾಕ್ಷನ್ ಇಳಿಯುವ ಕೆಳಗಿನ ಪಾತ್ರೆ, ಪುಡಿಯನ್ನು ಒತ್ತುವ ಹಿಡಿಯುಳ್ಳ ಬಿಲ್ಲೆ, ಮುಚ್ಚಳ: ನಾಲ್ಕೇ. ನಾಲ್ವರು ಒಂದೊಂದು ಭಾಗ ಬರೆಯುವುದು, ಐದನೆಯವರು ಜೋಡಿಸಿದ್ದನ್ನು, ಆರನೆಯವರು ಅದನ್ನು ತೆರೆಯುವ ಕೈಯನ್ನು. ಕೊನೆಗೆ ಕತ್ತರಿಸಿ ದೊಡ್ಡ ಚಾರ್ಟಿನ ಮೇಲೆ ಒಂದರ ಮೇಲೊಂದು ಅಂಟಿಸುವುದು. ಕೆಡುವುದು ಇಲ್ಲೇ, ಅಳತೆಯಲ್ಲಿ. ಮೇಲಿನ ಪಾತ್ರೆ ಕೆಳಗಿನದಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿರುತ್ತದೆ, ಬಿಲ್ಲೆ ಊಟದ ತಟ್ಟೆಯಷ್ಟಿರುತ್ತದೆ. ಅದನ್ನು ಮೊದಲೇ ತಪ್ಪಿಸಲು ಹೋಗಬೇಡಿ, ಒಂದು ಸಲ ಕೆಡಲಿ. ಕೂರದ ಕಾಗದದ ಭಾಗಗಳನ್ನು ಕೈಯಲ್ಲಿ ಹಿಡಿದಾಗಲೇ ನಿಜವಾದ ಫಿಲ್ಟರಿನ ಮೇಲಿನ ಪಾತ್ರೆ ಕೆಳಗಿನದರ ಬಾಯಲ್ಲಿ ಎಷ್ಟು ಅಚ್ಚುಕಟ್ಟಾಗಿ ಇಳಿದು ನಿಲ್ಲುತ್ತದೆ ಎಂಬುದು ತಲೆಗೆ ಹೋಗುವುದು. ಎರಡನೆಯ ಸಲಕ್ಕೆ ಎಲ್ಲರ ಹಾಳೆಯಲ್ಲೂ ನಡುವೆ ಒಂದು ನೆಟ್ಟನೆ ಮಡಿಕೆ, ಕೆಳಗಿನ ಪಾತ್ರೆಯ ಬಾಯಗಲಕ್ಕೆ 12 ಸೆಂಟಿಮೀಟರಿನ ಒಂದು ಗೆರೆ. ಮಿಕ್ಕ ಭಾಗ ಆ ಬಾಯಿಗೆ ಎಷ್ಟರ ಪಾಲು ಎಂದು ಪೆನ್ಸಿಲ್ ಹಿಡಿದು ಕೈ ಚಾಚಿ ಅಳೆಯಲಿ. ಮೊಣಕೈ ಮಡಚಿದರೆ ಅಳತೆ ತಪ್ಪುತ್ತದೆ, ಕೈ ಪೂರ್ತಿ ನೀಳವಾಗಿರಬೇಕು, ಒಂದು ಕಣ್ಣು ಮುಚ್ಚಿರಬೇಕು.

ನಾಲ್ಕನೆಯದು ಚಕ್ಕುಲಿ ಒರಳು. ಬಿಲ್ಲೆ ಬದಲಿಸಿದರೆ ಅದೇ ಒರಳಿನಲ್ಲಿ ಶಾವಿಗೆ, ಖಾರಾಸೇವೆ, ಚಕ್ಕುಲಿ. ತೂತಿನ ಆಕಾರಕ್ಕೂ ತಿಂಡಿಯ ಮೈಗೂ ಇರುವ ನಂಟು ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ತಿರುಪಿನದೋ ಒತ್ತಿನದೋ ಎರಡೂ ಆಗುತ್ತದೆ, ತಿರುಪಿನದರ ಸುತ್ತುಗೆರೆಗಳನ್ನು ಬರೆಯುವುದು ಮಾತ್ರ ಹತ್ತರ ಕೆಳಗಿನವರಿಗೆ ಹಿಂಸೆ.

ಬೇಡವಾದವು: ಉಗುರು ಕಟ್ಟರ್ ವಿನ್ಯಾಸವಾಗಿ ಸೊಗಸು, ಆದರೆ ಎರಡಡಿ ದೂರದಿಂದ ಯಾರಿಗೂ ಏನೂ ಕಾಣದು. ಈಳಿಗೆಮಣೆ ಯಾಕೆ ಬೇಡ ಎಂದು ವಿವರಿಸಬೇಕಿಲ್ಲ. ಕೊಡೆ ಪ್ರತಿ ಸಲ ಮುಟ್ಟಿದಾಗಲೂ ಬೇರೆ ಆಕಾರಕ್ಕೆ ಹೋಗುತ್ತದೆ. ಚನ್ನಪಟ್ಟಣದ ಗೊಂಬೆಗಳು ನೋಡಲು ಎಷ್ಟೇ ಚಂದವಿರಲಿ, ಅರಗಿನ ಬಣ್ಣ ಮಕ್ಕಳನ್ನು ಎಳೆದುಕೊಳ್ಳುತ್ತದೆ, ಕಣ್ಣು ರೂಪದ ಮೇಲೆ ನಿಲ್ಲುವುದಿಲ್ಲ. ಆ ಗೊಂಬೆ ಮಾಡುವ ಹಾಲೆಮರದ, ಬಣ್ಣ ಹಾಕದ ತುಂಡು ಸಿಕ್ಕರೆ ಮಾತು ಬೇರೆ.

ಕಾಗದದ ವಿಷಯ. ಅಂಗಡಿಯವರು ಮೊದಲು ತೆಗೆದುಕೊಡುವುದು 22×28 ಇಂಚಿನ ಬಣ್ಣದ ಚಾರ್ಟ್. ಅದರ ನಯವಾದ ಮುಖದ ಮೇಲೆ ಪೆನ್ಸಿಲ್ ಜಾರುತ್ತದೆ, ಗೆರೆ ಬೂದು ಬೂದು. ಒರಟು ಮುಖ ಪರವಾಗಿಲ್ಲ. ಚಾರ್ಟ್ ಕೊನೆಯಲ್ಲಿ ಅಂಟಿಸುವುದಕ್ಕೆ ಇರಲಿ, ಗುಂಪಿಗೊಂದು. ಬರೆಯಲು 120ರಿಂದ 140 ಜಿ.ಎಸ್.ಎಂ. (ಚದರ ಮೀಟರಿಗೆ ಅಷ್ಟು ಗ್ರಾಂ ತೂಕ) ಇರುವ ಕಾರ್ಟ್ರಿಜ್ ಹಾಳೆ, ಅಂದರೆ ಚಿತ್ರ ಬರೆಯುವ ದಪ್ಪ ಕಾಗದ. 22×30 ಇಂಚಿನ ಪೂರ್ತಿ ಹಾಳೆ ಕೊಂಡು ಅಂಗಡಿಯಲ್ಲೇ ನಾಲ್ಕು ತುಂಡು ಮಾಡಿಸಿದರೆ 11×15 ಇಂಚು, ಎ3ಗಿಂತ ಒಂದಿಷ್ಟು ಚಿಕ್ಕದು. ಮಗುವಿಗೆ ನಾಲ್ಕು ತುಂಡಿನಂತೆ 24 ಪೂರ್ತಿ ಹಾಳೆ ಬೇಕು, ಹಾಳಾಗುವುದಕ್ಕೆಂದು ಇನ್ನಾರು. ಜೆರಾಕ್ಸ್ ಕಾಗದ 70-75 ಜಿ.ಎಸ್.ಎಂ. ಇರುತ್ತದೆ, ಬಾಲ್‌ಪೆನ್ನಿಗೆ ಚೆನ್ನ, ಆದರೆ ರಬ್ಬರಿನ ಎರಡನೆಯ ಉಜ್ಜಿಗೇ ನುಲಿದುಕೊಳ್ಳುತ್ತದೆ. ಹ್ಯಾಂಡ್‌ಮೇಡ್ ಕಾಗದ ಈ ಕೆಲಸಕ್ಕೆ ದುಬಾರಿ, ಸ್ಕೆಚ್‌ಪೆನ್ ಇಟ್ಟರೆ ಮಸಿ ಹಬ್ಬುತ್ತದೆ. ಪುಕ್ಕಟೆ ಬೇಕೆಂದರೆ ಹಳೆಯ ಗೋಡೆ ಕ್ಯಾಲೆಂಡರ್. ಹಿಂಬದಿಯನ್ನು ಉಗುರಿನಿಂದ ಗೀರಿ ನೋಡಿ, ಹೊಳೆಯುವ ಗೆರೆ ಮೂಡಿದರೆ ಅದು ಆರ್ಟ್ ಪೇಪರ್, ಪೆನ್ಸಿಲ್ ಹಿಡಿಯದು. ಫ್ಲೆಕ್ಸ್ ತುಂಡನ್ನು ಯಾರಾದರೂ ತಂದುಕೊಟ್ಟರೆ ಕೆಳಗೆ ಹಾಸಿ ಕೂರಲು ಒಳ್ಳೆಯದು.

ಪೆನ್ಸಿಲ್ ಬಗ್ಗೆ ಹೇಳುವುದು ಕಡಿಮೆ. ನಟರಾಜ್, ಅಪ್ಸರಾ ಎರಡನ್ನೂ ಮಾಡುವುದು ಹಿಂದುಸ್ತಾನ್ ಪೆನ್ಸಿಲ್ಸ್ ಎಂಬ ಒಂದೇ ಕಂಪನಿ. ಅದು ಶುರುವಾದದ್ದೂ ಈಮ್ಸ್ ವರದಿಯ ವರ್ಷವೇ, 1958ರಲ್ಲಿ. ಹೆಸರಿಗಿಂತ ದರ್ಜೆ ನೋಡಿ. ಬರವಣಿಗೆಯ ಎಚ್‌ಬಿಯಲ್ಲಿ ಮಕ್ಕಳು ಕಪ್ಪು ಬರಲಿ ಎಂದು ಒತ್ತುತ್ತಾರೆ, ಹಾಳೆಯಲ್ಲಿ ಕಾಲುವೆ ಬೀಳುತ್ತದೆ. 6ಬಿಯಲ್ಲಿ ಅಂಗೈಯೆಲ್ಲ ಮಸಿ. 2ಬಿ ಸರಿಯಾದದ್ದು. 24 ಮಕ್ಕಳಿಗೆ 30 ತನ್ನಿ. ಎತ್ತರದಿಂದ ಬಿದ್ದ ಪೆನ್ಸಿಲಿನ ಸೀಸ ಒಳಗೇ ಮೂರ್ನಾಲ್ಕು ಕಡೆ ತುಂಡಾಗಿರುತ್ತದೆ, ಎಷ್ಟು ಹೆರೆದರೂ ಉದುರುತ್ತಲೇ ಇರುತ್ತದೆ. ಮಕ್ಕಳು ಕಂಪನಿಯನ್ನು ಬೈಯುತ್ತಾರೆ, ತಪ್ಪು ನೆಲದ್ದು. ಶಾರ್ಪನರ್ ಗುಂಪಿಗೆ ಎರಡು, ಲೋಹದ್ದು. ರಬ್ಬರನ್ನು ಮೊದಲ ಇಪ್ಪತ್ತು ನಿಮಿಷ ಡಬ್ಬಿಯಲ್ಲಿಟ್ಟು ಬೀಗ ಹಾಕಬೇಕು. ಅಳಿಸಿದ ಗೆರೆಯ ಜೊತೆ ಮಗು ಎಲ್ಲಿ ತಪ್ಪಿತ್ತು ಎಂಬುದೂ ಅಳಿಸಿಹೋಗುತ್ತದೆ, ಹೊಸ ಗೆರೆಯೂ ಅಲ್ಲೇ ಬೀಳುತ್ತದೆ. ತಪ್ಪು ಗೆರೆ ಉಳಿದಿದ್ದರೆ ಅದರ ಪಕ್ಕದಲ್ಲಿ ಸರಿಯಾದದ್ದನ್ನು ಎಳೆಯುವುದು ಸುಲಭ.

ಎರಡನೆಯ ಸುತ್ತಿನಲ್ಲಿ, ಅಂದರೆ ನಾಲ್ಕು ನಿಮಿಷಕ್ಕೊಮ್ಮೆ ಎಲ್ಲರೂ ಎದ್ದು ಬಲಕ್ಕೆ ಒಂದು ಜಾಗ ಸರಿದು ಅಲ್ಲಿದ್ದ ಹಾಳೆಯನ್ನೇ ಮುಂದುವರಿಸುವಾಗ, ಪೆನ್ಸಿಲ್ ಬೇಡ. ಯಾರ ಗೆರೆ ಯಾವುದು ಎಂದು ತಿಳಿಯಬೇಕಾದರೆ ತಲೆಗೊಂದು ಬಣ್ಣ ಬೇಕು. ಮಾಮೂಲಿ ಬಾಲ್‌ಪೆನ್ನಿನಲ್ಲಿ ನೀಲಿ, ಕಪ್ಪು, ಕೆಂಪು, ಹಸಿರು ನಾಲ್ಕೇ. ಮಿಕ್ಕ ಇಬ್ಬರಿಗೆ ನೇರಳೆ ಮತ್ತು ಕಂದು ಬಣ್ಣದ ಪೆನ್ಸಿಲ್. ಹಳದಿ ಕೊಟ್ಟರೆ ಆ ಮಗುವಿನ ಕೆಲಸ ಯಾರಿಗೂ ಕಾಣದೆ ಅಳು ಶುರುವಾಗುತ್ತದೆ. ಈ ಸುತ್ತಿನ ದೊಡ್ಡ ರೋಗವೆಂದರೆ ಗುಂಪಿನಲ್ಲಿ 'ಚೆನ್ನಾಗಿ ಚಿತ್ರ ಬರೆಯುವವಳು' ಎಂದು ಹೆಸರಾದವಳು ಬೇರೆಯವರ ಗೆರೆಯ ಮೇಲೆ ದಪ್ಪಗೆ ತಿದ್ದಿಬಿಡುವುದು. ಬಣ್ಣ ಬೇರೆಯಿದ್ದರೆ ಅದು ತಕ್ಷಣ ಗೊತ್ತಾಗುತ್ತದೆ. ಸೇರಿಸಬಹುದು, ತಿದ್ದುವಂತಿಲ್ಲ: ನಿಯಮ ಅದೊಂದೇ.

ಬೋರ್ಡಿನಲ್ಲಿ ಹೆಚ್ಚಿನವರು ಎಕ್ಸಾಮ್ ಪ್ಯಾಡಿಗೆ ಹೋಗಿ ಮೋಸಹೋಗುತ್ತಾರೆ. ಅದು ಉತ್ತರಪತ್ರಿಕೆಯ ಅಳತೆಯದು, 11×15ರ ಹಾಳೆ ಸುತ್ತ ಜೋತುಬೀಳುತ್ತದೆ, ಕ್ಲಿಪ್ಪು ನಡುವೆ ಎದ್ದು ನಿಲ್ಲುತ್ತದೆ. ಪ್ಲೈವುಡ್ ಅಂಗಡಿಯಲ್ಲಿ 3 ಮಿಲಿಮೀಟರ್ ಹಾರ್ಡ್‌ಬೋರ್ಡಿನ 8×4 ಅಡಿಯ ಒಂದೇ ಹಾಳೆ ಕೊಂಡು 12×16 ಇಂಚಿಗೆ ಕೊಯ್ಯಿಸಿ. ಉದ್ದಕ್ಕೆ ಆರು, ಅಗಲಕ್ಕೆ ನಾಲ್ಕು, ಸರಿಯಾಗಿ 24 ಬೋರ್ಡು, ಗರಗಸ ತಿನ್ನುವ ನೂಲಿನಷ್ಟು ಅಗಲ ಬಿಟ್ಟರೆ ದಂಡವೇ ಇಲ್ಲ. ಅಂಚಿಗೆ ಉಪ್ಪುಕಾಗದ ಉಜ್ಜದೆ ಮಕ್ಕಳ ಕೈಗೆ ಕೊಡಬಾರದು. ಅಷ್ಟು ಖರ್ಚು ಬೇಡವೆಂದರೆ ರಟ್ಟಿನ ಪೆಟ್ಟಿಗೆ ಕತ್ತರಿಸಿ ಎರಡು ಬೈಂಡರ್ ಕ್ಲಿಪ್. ಆದರೆ ರಟ್ಟಿನ ಏಣುಗಳು ಹಾಳೆಯ ಮೇಲೆ ಪಟ್ಟೆಪಟ್ಟೆಯಾಗಿ ಮೂಡುತ್ತವೆ, ಮಧ್ಯೆ ಮೂರು ಪದರ ನ್ಯೂಸ್‌ಪೇಪರ್ ಇಡಬೇಕು.

ಕೂರುವ ವ್ಯವಸ್ಥೆಗೆ ಹೊಸದೇನೂ ಬೇಡ. ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಯ ನಲಿ-ಕಲಿ ಕೋಣೆ ಇದಕ್ಕೆಂದೇ ಮಾಡಿದಂತಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಕ್ರಮದಲ್ಲಿ ಮಕ್ಕಳು ಗುಂಪಾಗಿ ಕೂತೇ ಕಲಿಯುತ್ತಾರೆ. ದೊಡ್ಡ ತರಗತಿಗಳು ಮಧ್ಯಾಹ್ನದ ಮೇಲೆ ಆ ಕೋಣೆಯನ್ನು ಬಳಸಿಕೊಳ್ಳಬಹುದು. ಬೆಂಚುಗಳೇ ಇರುವ ಕಡೆ ನೆಲವೇ ವಾಸಿ. ವಸ್ತುವನ್ನು ಒಂದು ಸ್ಟೂಲಿನ ಮೇಲಿಡಿ, ಮಕ್ಕಳ ಕಣ್ಣು ಅದರ ಬಾಯಿಗಿಂತ ಒಂದು ಗೇಣು ಮೇಲಿರಲಿ, ದೂರ ವಸ್ತುವಿನ ಎತ್ತರದ ಮೂರರಷ್ಟು. ಬೆಳಕು ಒಂದೇ ಕಿಟಕಿಯಿಂದ, ಟ್ಯೂಬ್‌ಲೈಟ್ ಆರಿಸಿ. ಎರಡು ಟ್ಯೂಬ್ ಉರಿಯುತ್ತಿದ್ದರೆ ಎರಡು ನೆರಳು, ಯಾವುದನ್ನು ಬರೆಯುವುದೆಂಬ ಜಗಳ.

90 ನಿಮಿಷ ಹೀಗೆ ಹೋಗಲಿ: ಪೆನ್ಸಿಲ್ ಮುಟ್ಟದೆ ವಸ್ತುವನ್ನು ಎತ್ತಿ, ತೆರೆದು, ಬಡಿದು ನೋಡಲು 10, ಮೊದಲ ಚಿತ್ರಕ್ಕೆ 12, ಹರಡಿ ನೋಡಲು 8, ಜಾಗ ಬದಲಿಸುವ ಸುತ್ತಿಗೆ ಆರು ನಾಲ್ಕಲ 24, ಭಾಗಗಳಿಗೆ 26, ಮಾತಿಗೆ 10. ಸಮಯ ಸಾಲದಿದ್ದರೆ ಭಾಗಗಳನ್ನು ಮುಂದಿನ ವಾರಕ್ಕೆ ಬಿಡಿ, ಮೊದಲ ಹತ್ತು ನಿಮಿಷವನ್ನು ಮಾತ್ರ ಕತ್ತರಿಸಬೇಡಿ. ಕೈಯಲ್ಲಿ ಹಿಡಿಯದ ವಸ್ತುವನ್ನು ಮಕ್ಕಳು ಫೋಟೊದಂತೆ ನೋಡುತ್ತಾರೆ, ತೂಕ ಎಲ್ಲಿದೆ, ಯಾವುದು ತಿರುಗುತ್ತದೆ ಎಂಬುದು ಗೆರೆಗೆ ಬರುವುದಿಲ್ಲ. 'ಇದನ್ನು ಹೇಗೆ ಸುಧಾರಿಸುತ್ತೀರಿ' ಎಂಬ ಪ್ರಶ್ನೆಯನ್ನು ಮೊದಲ ದಿನ ಕೇಳಲೇಬಾರದು. ಕೇಳಿದರೆ ಪ್ರತಿ ಕುಕ್ಕರಿಗೂ ರೆಕ್ಕೆ, ಕ್ಯಾಮೆರಾ, ವೈಫೈ. ಎರಡನೆಯ ವಾರ, ಬೆರಳು ನೋವಿರುವ ಅಜ್ಜಿಗೆ ಈ ಮುಚ್ಚಳ ತೆಗೆಯಲು ಎಲ್ಲಿ ಕಷ್ಟವಾದೀತು ಎಂದು ಕೇಳಿದರೆ ಹಿಡಿಯ ದಪ್ಪ, ಕಿವಿಯ ಜಾಗ ಎಂದು ಉತ್ತರ ಬರುತ್ತದೆ, ಬರೆದು ನೋಡಿರುತ್ತಾರಲ್ಲ.

ಕೊನೆಯದಾಗಿ, 'ಡಿಸೈನ್ ಕಿಟ್' ಎಂಬ ಹೆಸರಿನಲ್ಲಿ ಸಿಗುವ ಪೆಟ್ಟಿಗೆಗಳು. ಪೆಟ್ಟಿಗೆಯೊಳಗೆ ವಸ್ತುವಿನ ಬದಲು ವಸ್ತುವಿನ ಅಚ್ಚಾದ ಚಿತ್ರವಿದ್ದರೆ ಕೊಳ್ಳಬೇಡಿ. ಬೇರೆಯವರು ನೋಡಿ ಮುಗಿಸಿದ್ದನ್ನು ಮಕ್ಕಳು ತುಂಬುತ್ತಾರೆ, ಅಷ್ಟೆ. ನೂರೈವತ್ತು ತುಂಡುಗಳ ಬಣ್ಣದ ಸೂಟ್‌ಕೇಸಿನಲ್ಲಿ ಈ ಪಾಠಕ್ಕೆ ಉಪಯೋಗಕ್ಕೆ ಬರುವುದು ಪೆನ್ಸಿಲು, ಶಾರ್ಪನರು, ಹೆಚ್ಚೆಂದರೆ ಎರಡು ಬಣ್ಣದ ಪೆನ್ಸಿಲ್. ಅದೇ ದುಡ್ಡಿಗೆ ಹಳೆ ಪಾತ್ರೆಯನ್ನು ತೂಕದ ಮೇಲೆ ಮಾರುವ ಅಂಗಡಿಯಲ್ಲಿ ಒಂದು ಹಿತ್ತಾಳೆ ತಂಬಿಗೆ ಸಿಕ್ಕೀತು. ತಗ್ಗು ಬಿದ್ದಿದ್ದರೆ ಬಿಡಬೇಡಿ. ಎಲ್ಲಿ ಬಿತ್ತು, ಯಾವ ಕಡೆಗೆ ಬಿತ್ತು ಎಂದು ಅದು ತಾನೇ ಹೇಳುತ್ತದೆ, ತೂಕ ಎಲ್ಲಿದೆ ಎಂಬುದಕ್ಕೆ ಅದೇ ಗುರುತು. ಮನೆಗಳಿಂದ ಎರವಲು ತಂದ ಕುಕ್ಕರನ್ನು ವಾಪಸು ಕೊಡುವಾಗ ವಿಭೂತಿ ತೊಳೆದು, ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ಎಣಿಸಿ ಕೊಡಿ. ಭಾಗಗಳ ಪಾಠ ಮುಗಿದ ಮೇಲೆ ಮೊದಲು ಕಾಣೆಯಾಗುವುದು ಅವೆರಡೇ.